ಅಕ್ಕನ ಮಗುವಿನ ಅಂಗಿ ಹಾಕಿದರೆ ಕಜ್ಜಿ ಬರುತ್ತಾ?

ಬೇರೆ ಮಗು ಹಾಕಿ ಬಿಟ್ಟ ಬಟ್ಟೆ ಕೂಸಿಗೆ ಹಾಕಬೇಡಿ, ಕಜ್ಜಿ ಬರುತ್ತೆ ಅಂತ ಒಂದು ಮೆಸೇಜು ಕಲಬುರಗಿ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸುಮ್ನೆ ಹೆದರಬೇಡಿ. ಕಜ್ಜಿ ಹುಳ ಮನುಷ್ಯರ ಮೈ ಬಿಟ್ಟರೆ ಸಾಮಾನ್ಯವಾಗಿ 2-3 ದಿನಕ್ಕಿಂತ ಜಾಸ್ತಿ ಬದುಕಲ್ಲ. ವರ್ಷದಿಂದ ಟ್ರಂಕಿನಲ್ಲಿರುವ ಝಬಲಾದೊಳಗೆ ಅದು ಎಲ್ಲಿಂದ ಬರಬೇಕು? ಈಗಷ್ಟೇ ಕಜ್ಜಿಯಾದ ಮಗುವಿನ ಬಟ್ಟೆಯಾದರೆ ಮಾತ್ರ ಬೇರೆ ಮಾತು, ಅದನ್ನು ಬಿಸಿನೀರಲ್ಲಿ ಒಗೆದು ನಮ್ಮ ಬಿಸಿಲಿಗೆ ಹಾಕಿ.

ಮೆಸೇಜಿನಲ್ಲಿ ಇಲ್ಲದ ಅಪಾಯ ಒಂದಿದೆ, ಅದು ಬಟ್ಟೆಗೆ ಹುಳ ಹತ್ತದಂತೆ ಟ್ರಂಕಿನಲ್ಲಿಡುವ ಡಾಂಬರು ಗುಳಿಗೆ. ಆ ಬಿಳಿ ಗುಳಿಗೆಯಲ್ಲಿ ನಾಫ್ತಲೀನ್ ಇದ್ದರೆ ಅದರ ಆವಿ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಉಸಿರಿನಿಂದಲೂ ಚರ್ಮದಿಂದಲೂ ಕೂಸಿನ ಮೈಗೆ ಸೇರುತ್ತದೆ, ಹುಟ್ಟಿನಿಂದ ಜಿ6ಪಿಡಿ ಕಿಣ್ವದ ಕೊರತೆ ಇರುವ ಮಗುವಾದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಎಣ್ಣೆ ಹಚ್ಚಿದ ಮೈಗಂತೂ ನಾಫ್ತಲೀನ್ ಇನ್ನೂ ಬೇಗ ಸೇರುತ್ತದೆ. ಕೂಸಿನ ಬಟ್ಟೆಗೆ ಆ ಗುಳಿಗೆ ಬೇಡವೇ ಬೇಡ, ಒಣಗಿದ ಬೇವಿನ ಎಲೆ ಸಾಕು.

ಇನ್ನು ಹೊಸದೇ ಒಳ್ಳೇದು ಅನ್ನೋ ಮಾತು. ಅಂಗಡಿಯ ಹೊಸ ಅಂಗಿಯಲ್ಲಿ ಗಂಜಿ, ಬಣ್ಣ, ಸುಕ್ಕು ಬೀಳದ ಹಾಗೆ ಹಾಕಿದ ರಾಸಾಯನಿಕ ಇರುತ್ತವೆ, ಅದನ್ನೂ ಒಗೆದೇ ಹಾಕಬೇಕು. ಹತ್ತಾರು ಸಲ ಒಗೆದ ಹತ್ತಿ ಅಂಗಿ ಕೊರಳಪಟ್ಟಿ ಹತ್ತಿರ ಮುಟ್ಟಿದರೆ ಸಾಕು, ಮೆತ್ತಗಿರುತ್ತದೆ ಅಲ್ವಾ? ಅಜ್ಜಿ ಹೊಲಿದ ಕುಂಚಿಗೆ ನಾಲ್ಕು ಮಕ್ಕಳ ತಲೆ ಕಂಡಿದ್ದರೆ ಅದಕ್ಕೆ ಬೆಲೆ ಜಾಸ್ತಿಯೇ (ಕಲೆ ಇದ್ದರೂ ಪರವಾಗಿಲ್ಲ). ಸಡಿಲ ಗುಂಡಿ, ಕೊರಳಿಗೆ ಕಟ್ಟುವ ದಾರ ಇದ್ದರೆ ಮಾತ್ರ ಕಿತ್ತುಹಾಕಿ.