ಒಂದೇ ಬುಕಿಂಗ್, ಎಲ್ಲೋ ಒಂದೊಂದು ಸೀಟು

ಅಕ್ಕನ ಮಗಳು ಡಿಗ್ರಿ ಮುಗಿಸಿದಳು. ಪಾಸಾದರೆ ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇನೆ ಅಂತ ಅವಳು ಹೈಸ್ಕೂಲಿನಲ್ಲಿದ್ದಾಗಲೇ ಮಾತು ಕೊಟ್ಟಿದ್ದೆ. ಅವಳಿಗೆ ಇದೇ ಮೊದಲ ವಿಮಾನ. ಇಬ್ಬರಿಗೂ ಒಂದೇ ಬುಕಿಂಗ್, ಒಂದೇ ಪಿಎನ್‌ಆರ್. ಆದರೂ ಅವಳಿಗೆ 27ಬಿ, ನನಗೆ 9ಇ. ಎರಡೂ ನಡುವಿನ ಸೀಟು!

ಪಕ್ಕಪಕ್ಕ ಕೂರಬೇಕಾದರೆ ಮತ್ತೆ ದುಡ್ಡು ಕಟ್ಟಬೇಕಂತೆ. ಅಲ್ಲ, ಒಟ್ಟಿಗೆ ಟಿಕೆಟ್ ತೆಗೆಯುವುದೇ ಒಟ್ಟಿಗೆ ಕೂರೋಕೆ ಅಲ್ವಾ? ಎಷ್ಟೋ ಏರ್‌ಲೈನ್‌ಗಳು ಹೊರಡುವ 24 ಅಥವಾ 48 ಗಂಟೆ ಮೊದಲು ವೆಬ್ ಚೆಕ್-ಇನ್ ತೆರೆಯುತ್ತವೆ, ನಾನೂ ಆ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಕೂತಿದ್ದೆ, ಆದರೆ ಅಕ್ಕಪಕ್ಕ ಖಾಲಿಯಿದ್ದ ಸೀಟುಗಳಿಗೆಲ್ಲ ರೇಟು ಹಾಕಿಟ್ಟಿದ್ದರು. ಸುಮ್ನೆ ಸಿಕ್ಕಿದ್ದು ಇವೆರಡೇ. ಕೌಂಟರಿನಲ್ಲಿ ಕೇಳಿಕೊಂಡೆ. ಆಗಲ್ಲ ಅಂದರು, ತಲೆ ಕೂಡ ಎತ್ತದೆ.

ವಿಮಾನ ಮೇಲೇರುವಾಗ ಅವಳ ಮುಖ ನೋಡಬೇಕು ಅಂತ ಎಷ್ಟು ವರ್ಷದ ಆಸೆ ಗೊತ್ತಾ! ಕತ್ತು ತಿರುಗಿಸಿ ತಿರುಗಿಸಿ ನೋಡಿದೆ. ಸೀಟುಗಳ ಮೇಲಿಂದ ಕಂಡಿದ್ದು ನನಗೆ ಅಂತ ಎತ್ತಿ ಆಡಿಸುತ್ತಿದ್ದ ಅವಳ ಕೈ ಮಾತ್ರ.

ಇಳಿದ ಮೇಲೆ, "ಮೇಲೇರುವಾಗ ಭಯ ಆಯ್ತು, ನೀನು ಪಕ್ಕದಲ್ಲಿ ಇರಬೇಕಿತ್ತು ಚಿಕ್ಕಮ್ಮ" ಅಂದಳು. ಹೊಟ್ಟೆ ಉರಿಯಿತು.