ಇದು ಬಂದಿತ್ತು

ನಾನು ಹಾಸ್ಯ ಹೇಳ್ತೀನಿ ಅಂತ ಗೊತ್ತಾಗೋದೇ ತಡ, ಎಲ್ಲರೂ ಕೇಳೋದು ಒಂದೇ. "ಹೌದಾ? ಹಂಗಾರ ಒಂದು ಜೋಕ್ ಹೇಳ್ರಿ ನೋಡೋಣ." ರೇಷನ್ ಅಂಗಡಿ ಮುಂದೆ ನಿಂತಿರಲಿ, ತಿಥಿ ಊಟಕ್ಕೆ ಕೂತಿರಲಿ, ಬಿಡೋದಿಲ್ಲ. ಜೀನ್ಸ್ ಹೊಲಿಸುವ ನನ್ನ ಗೆಳೆಯನಿಗೆ ಯಾರೂ ಪಂಕ್ತಿಯಲ್ಲಿ "ಒಂದು ಪ್ಯಾಂಟ್ ಹೊಲಿ ನೋಡೋಣ" ಅನ್ನೋದಿಲ್ಲವಲ್ಲ! ಹೋಗಲಿ ಅಂತ ಹೇಳಿದರೆ, ಕೇಳಿದವರು ಸಾಂಬಾರು ಕಲಸುತ್ತಾ "ಗಂಗಾವತಿ ಪ್ರಾಣೇಶ್ ಅವರು ಹೇಳಿದಂಗ ಆಗಲಿಲ್ಲ ಬಿಡ್ರಿ" ಅಂತಾರೆ. ಬಳ್ಳಾರಿಗೆ ಗಂಗಾವತಿ ಇಷ್ಟು ಹತ್ತಿರ ಇರೋದು ನನ್ನ ಕರ್ಮ.

ಈ ಹುಚ್ಚು ತಲೆಗೆ ಏರಿದ್ದು ಎಡಿನ್‌ಬರೋ ಫ್ರಿಂಜ್ ಬಗ್ಗೆ ಓದಿದ ಮೇಲೆ. 1947ರಲ್ಲಿ ಸ್ಕಾಟ್ಲೆಂಡಿನ ಆ ಊರಲ್ಲಿ ದೊಡ್ಡ ಕಲಾ ಉತ್ಸವ ಮಾಡಿದರು. ಎಂಟು ನಾಟಕ ತಂಡಗಳು ಯಾರೂ ಕರೆಯದೇ ಹೋಗಿ, ಊರಲ್ಲಿ ಸಿಕ್ಕ ಜಾಗದಲ್ಲಿ ತಮ್ಮ ಪಾಡಿಗೆ ಆಟ ಆಡಿದವು. ಅದಕ್ಕೇ ಫ್ರಿಂಜ್, ಅಂದರೆ ಅಂಚು, ಅಂತ ಹೆಸರು ಬಿತ್ತು. ಈಗ ಪ್ರತಿ ಆಗಸ್ಟ್‌ನಲ್ಲಿ ಮೂರು ವಾರ ಅದೇ ದೊಡ್ಡ ಜಾತ್ರೆ. ಆಯ್ಕೆ ಸಮಿತಿ ಇಲ್ಲ, ಶಿಫಾರಸು ಬೇಕಿಲ್ಲ. ಪಬ್ಬಿನ ಹಿಂದಿನ ಕೋಣೆಯೋ, ಚರ್ಚಿನ ಹಾಲೋ, ಜಾಗ ಹೊಂದಿಸಿಕೊಂಡರೆ ನೀವೂ ಕಲಾವಿದರು. ಓದಿ ನನಗೆ ಅನ್ನಿಸಿದ್ದು, ಇದರಲ್ಲಿ ಹೊಸದೇನಿದೆ? ಬನಶಂಕರಿ ಜಾತ್ರೆಯಲ್ಲಿ ದೇವಿ ತೇರು ಒಂದು ಕಡೆ, ನಾಟಕ ಕಂಪನಿಗಳ ಟೆಂಟು ಇನ್ನೊಂದು ಕಡೆ ಅಲ್ವಾ?

ಸರಿ, ನಮ್ಮೂರಲ್ಲಿ ಉತ್ಸವ ನಡೆಯುವ ವಾರವೇ ನಾವೂ ನಾಲ್ಕು ಜನ ಸೇರಿ ಪಕ್ಕದಲ್ಲಿ ನಮ್ಮದೊಂದು ಸಣ್ಣ ಫ್ರಿಂಜ್ ಅಂತ ತೀರ್ಮಾನಿಸಿದೆವು. ಬಳ್ಳಾರಿ ರಾಘವ ವಕೀಲಿಕೆ ಮಾಡಿಕೊಂಡೇ ಅಷ್ಟು ದೊಡ್ಡ ನಟರಾದವರು. ಅವರ ಊರಿನವನು ಅನ್ನೋ ಧೈರ್ಯದ ಮೇಲೆ ನಾನೂ ಕೆಲಸ ಬಿಡಲಿಲ್ಲ. (ಹಾಸ್ಯ ನಂಬಿ ಕೆಲಸ ಬಿಟ್ಟಿದ್ದರೆ ಇವತ್ತು ನಾನೇ ಜೋಕ್.) ಅವರ ಹೆಸರಿನ ಕಲಾಮಂದಿರದ ಬಾಡಿಗೆ ವಿಚಾರಿಸೋಕೂ ಹೋಗಲಿಲ್ಲ. ಜೀನ್ಸ್ ಗೆಳೆಯನ ಗೋಡೌನ್ ಸಿಕ್ಕಿತು. ಪ್ರೇಕ್ಷಕರು ಪ್ಯಾಂಟಿನ ಬಂಡಲ್ ಮೇಲೆ ಕೂರೋದು. ಜಾಗ ಚೆನ್ನಾಗಿತ್ತು, ಆದರೆ ಡೆನಿಮ್ ಬಟ್ಟೆ ನಗುವನ್ನ ನುಂಗುತ್ತೆ ಅನ್ನೋದು ಯಾರಿಗೂ ಹೊಳೆದಿರಲಿಲ್ಲ. ಯಾರೋ ನಕ್ಕರು ಅಂತ ಕಣ್ಣಿಗೆ ಕಾಣುತ್ತೆ, ಕಿವಿಗೆ ಬೀಳಲ್ಲ.

ಎಡಿನ್‌ಬರೋದಲ್ಲಿ ಕಲಾವಿದರು ರಾಯಲ್ ಮೈಲ್ ಅನ್ನೋ ಬೀದಿಯಲ್ಲಿ ನಿಂತು ಕರಪತ್ರ ಹಂಚುತ್ತಾರಂತೆ. ನಮಗೆ ರಾಯಲ್ ಸರ್ಕಲ್ ಇದೆಯಲ್ಲ! ಬಿಸಿಲಲ್ಲಿ ನಿಂತು ಹಂಚಿದೆವು. ಒಬ್ಬರು ಟ್ಯೂಷನ್ನಾ ಅಂದರು, ಒಬ್ಬರು ಬಡ್ಡಿ ಎಷ್ಟು ಅಂದರು, ಇನ್ನೊಬ್ಬರು ಮೂಲವ್ಯಾಧಿ ಇಲ್ಲಪ್ಪ ಅಂತ ಕೈ ಮುಗಿದು ಹೋದರು. ಸಂಜೆ ಗಾಡಿ ಹತ್ತಿರ ಮಿರ್ಚಿ ತಿನ್ನೋಕೆ ಹೋದರೆ, ಅಂಗಡಿಯವನು ಎರಡು ಮಿರ್ಚಿಯನ್ನ ಇಟ್ಟುಕೊಟ್ಟಿದ್ದು ನನ್ನ ಮುಖದ ಮೇಲೇ. ಎಣ್ಣೆ ಹೀರಿಕೊಂಡು ಫೋಟೋ ಪಾರದರ್ಶಕವಾಗಿತ್ತು, ಹಲ್ಲು ಮಾತ್ರ ಉಳಿದಿತ್ತು.

ಅಂತೂ ಜನ ಬಂದರು. ಅವರಲ್ಲಿ ಕಾಕಾ ಒಬ್ಬರು. ನೌಕರಿಯಿಂದ ನಿವೃತ್ತರು, ಇಸ್ತ್ರಿ ಅಂಗಿ, ಮುಂದಿನ ಬಂಡಲ್. ನಾನು ಮೈಕ್ ಹಿಡಿದು ಬಳ್ಳಾರಿ ಬಿಸಿಲಿನಿಂದ ಶುರು ಮಾಡಿದೆ. ಪಂಚ್ ಇನ್ನೂ ಬಾಯಲ್ಲೇ ಇತ್ತು. ಕಾಕಾ ಪಕ್ಕದವರ ಕಡೆ ವಾಲಿ, ಇಡೀ ಗೋಡೌನಿಗೆ ಕೇಳೋ ಹಾಗೆ, "ಇದು ಬಂದಿತ್ತು" ಅಂದರು.

ಎಲ್ಲಿಗೆ ಬಂದಿತ್ತು? ವಾಟ್ಸಾಪಿಗೆ. ಕಾಕಾ ಹದಿನಾರೋ ಹದಿನೇಳೋ ಗ್ರೂಪಿನಲ್ಲಿದ್ದಾರೆ. ಬಿಸಿಲಿನ ಜೋಕ್ ಹಳೇದು, ಒಪ್ಪಿಕೊಳ್ಳೋಣ. ಮುಂದೆ ನನ್ನ ಮದುವೆ ಫೋಟೋಗ್ರಾಫರ್ ಕಥೆ ಹೇಳಿದೆ. "ಇದೂ ಬಂದಿತ್ತು." ನನ್ನ ಮದುವೆ ಇವರಿಗೆ ಹೆಂಗೆ ಬಂತು! ಕೊನೆಗೆ ಮನೆಯ ಕೂಲರ್ ಕಥೆ ತೆಗೆದೆ. ನಮ್ಮಮ್ಮ ಕೂಲರಿಗೆ ನೀರು ಹಾಕೋದು ನೆಂಟರು ಬಂದಾಗ ಮಾತ್ರ. ಹೋದ ಬೇಸಿಗೆ ನೆಂಟರು ಸ್ವಲ್ಪ ಜಾಸ್ತಿ ಉಳಿದರು. ನಾಲ್ಕನೇ ದಿನ ಅಮ್ಮ ಅವರ ಎದುರೇ ಕೂಲರಿನ ನೀರು ಬಸಿದು ತುಳಸಿಗೆ ಹಾಕಿದಳು. ಸಂಜೆ ಬಸ್ಸಿಗೆ ಅವರು ಹೊರಟರು. ಜನ ನಗೋಕೆ ಬಾಯಿ ತೆಗೆದರು. ಕಾಕಾ ಫೋನ್ ತೆಗೆದರು. "ತಡೀರಿ, ಇದು ಬಂದಿತ್ತು, ತೋರಿಸ್ತೀನಿ" ಅಂತ ಕನ್ನಡಕ ಏರಿಸಿ, ಶುಭೋದಯದ ಗುಲಾಬಿ ಹೂಗಳನ್ನೆಲ್ಲ ಮೇಲೆ ತಳ್ಳುತ್ತಾ ಹುಡುಕತೊಡಗಿದರು. ಗೋಡೌನ್ ಪೂರ್ತಿ ಕಾಯ್ತಾ ಕೂತಿತು. ನಾನೂ ಕಾಯ್ದೆ. ಬೇರೇನು ಮಾಡಲಿ? ಒಬ್ಬ ಹುಡುಗ "ಸರ್ಚ್‌ನಲ್ಲಿ ಕೂಲರ್ ಅಂತ ಹಾಕ್ರಿ" ಅಂತ ಸಹಾಯಕ್ಕೂ ಬಂದ. ಸಿಗಲಿಲ್ಲ. "ಡಿಲೀಟ್ ಆಗೈತಿ, ಆದರ ಬಂದಿತ್ತು" ಅಂದರು ಕಾಕಾ. ಅವತ್ತಿನ ಕಾರ್ಯಕ್ರಮದ ಅತಿ ದೊಡ್ಡ ನಗು ಅದಕ್ಕೇ ಬಿತ್ತು. ಡೆನಿಮ್ಮಿಗೂ ನುಂಗೋಕಾಗಲಿಲ್ಲ.

ಫ್ರಿಂಜ್‌ನಲ್ಲಿ ಟಿಕೆಟ್ ಇಲ್ಲದ ಆಟ ಮುಗಿದ ಮೇಲೆ ಕಲಾವಿದ ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲೋದು ರೂಢಿ. ನಾನೂ ನಿಂತೆ. ನಲ್ಲಿ ನೀರು ದಿನಾ ಬರದ ಊರಿದು. ಬಕೆಟ್ ಹಿಡಿದವನನ್ನ ಕಂಡು ಹೆಂಗಸರು "ನೀರು ಬಂತಾ?" ಅಂತ ಗಾಬರಿಯಿಂದ ಮನೆ ಕಡೆ ಓಡಿದರು. ಕಾಕಾ ಇಪ್ಪತ್ತು ಹಾಕಿ ಹತ್ತು ಚಿಲ್ಲರೆ ಎತ್ತಿಕೊಂಡರು.

ಸಿಟ್ಟು ತಡೀಲಾರದೆ ಕೇಳಿಯೇಬಿಟ್ಟೆ: "ಎಲ್ಲಾ ಬಂದಿದ್ದರೆ ಇಲ್ಲಿ ತನಕ ಯಾಕೆ ಬಂದ್ರಿ ಕಾಕಾ?"

"ಬಂದಿತ್ತಪ್ಪ, ನಕ್ಕಿರಲಿಲ್ಲ" ಅಂದರು. "ಒಬ್ಬನೇ ಕೂತು ಹೆಂಗ ನಗೋದು?" ವಯಸ್ಸಿನಲ್ಲಿ ಅಣ್ಣನ ಸೈಕಲ್ ಹಿಂದೆ ಕೂತು ಕಂಪನಿ ನಾಟಕಕ್ಕೆ ಹೋಗುತ್ತಿದ್ದದ್ದು, ಹಾಸ್ಯನಟನಿಗೆ ಒನ್ಸ್ ಮೋರ್ ಕೂಗಿ ಗಂಟಲು ಕಟ್ಟುತ್ತಿದ್ದದ್ದು ಎಲ್ಲಾ ಹೇಳಿದರು. ಆಗ ಹಳೇ ಜೋಕಿಗೇ ದುಡ್ಡು ಕೊಟ್ಟು ಹೋಗುತ್ತಿದ್ದರಂತೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಹಾಗಂತ ಹತ್ತು ರೂಪಾಯಿ ವಾಪಸ್ ಕೊಡಲಿಲ್ಲ, ನೋಡಿ.

ಇವತ್ತು ಬೆಳಿಗ್ಗೆ ನಮ್ಮ ಮನೆಯ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಒಬ್ಬ ಹೆಂಗಸು, ಒಂದು ಕೂಲರ್, ನಾಲ್ಕನೇ ದಿನ, ತುಳಸಿ. ನನ್ನ ಹೆಸರಿಲ್ಲ. ಕೆಳಗೆ ಗುಲಾಬಿ ಹೂ ಬೇರೆ. ಅಮ್ಮ ಅದನ್ನ ಜೋರಾಗಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಮನೆಯಲ್ಲಿ ಹೇಳಿದಾಗ ತುಟಿಯೂ ಅಲುಗಿರಲಿಲ್ಲ.

"ಯಾವಳೋ ಮಾರಾಯ್ತಿ, ಎಂಥಾ ಜಿಪುಣಿ ಇದ್ದಾಳೆ ನೋಡು!" ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡು, ಫೋನನ್ನ ನನ್ನ ಮುಖಕ್ಕೆ ಹಿಡಿದಳು. "ಜೋಕ್ ಅಂದ್ರೆ ಹಿಂಗಿರಬೇಕು. ನೀನೂ ಇಂಥವು ನಾಲ್ಕು ಕಲಿ."