ಕವರಿನ ಹಿಂದೆ ಒಂದು ಭಾಗಾಕಾರ

ತುಮಕೂರಲ್ಲಿರುವ ಅಕ್ಕನಿಗೆ ಜಮೀನಿನ ಪಹಣಿ ಕಳಿಸಬೇಕಿತ್ತು. ಕೋಲಾರದ ಅಂಚೆ ಕಚೇರಿಯ ಸಾಲಲ್ಲಿ ನಿಂತಿದ್ದೆ. ಮುಂದೆ ಹನ್ನೆರಡು ಜನ, ಮೊಬೈಲಲ್ಲಿ ಚಾರ್ಜ್ ಇಲ್ಲ, ಕೈಯಲ್ಲಿ ಒಂದು ಕವರು, ಒಂದು ಪೆನ್ನು. ಬೇರೆ ಕೆಲಸವಿಲ್ಲದೆ, ಕಳಿಸುವವರ ಜಾಗದಲ್ಲಿ ನಾನೇ ಬರೆದ ಕೋಲಾರದ ಪಿನ್‌ಕೋಡ್ ಓದಿದೆ. 563101. ಐದು ಲಕ್ಷದ ಅರವತ್ಮೂರು ಸಾವಿರದ ನೂರೊಂದು. ಇಷ್ಟು ವರ್ಷ ಬರೆದಿದ್ದೇನೆ, ಒಂದು ಸಲವೂ ಅದನ್ನು ಸಂಖ್ಯೆ ಅಂತ ಓದಿರಲಿಲ್ಲ.

ಅಂಚೆಯವರಿಗೆ ಅದು ಸಂಖ್ಯೆಯೇ ಅಲ್ಲ ಬಿಡಿ, ವಿಳಾಸ. 1972ರ ಆಗಸ್ಟ್ 15ರಿಂದ ಶುರುವಾದದ್ದು. ಮೊದಲ 5 ನಮ್ಮ ವಲಯ, 563 ಅಂದರೆ ಕೋಲಾರದ ಕಡೆ, ಕೊನೆಯ ಮೂರಂಕಿ ಅಂಚೆ ಕಚೇರಿ. ತುಮಕೂರು 572101, ಚಿಕ್ಕಬಳ್ಳಾಪುರ 562101. ಮೂರೂ ಊರಿನವರು ಮಾತಾಡಿಕೊಂಡು ಮುಯ್ಯಿಗೆ ನೂರೊಂದು ಬರೆಸಿದ ಹಾಗಿದೆ.

ಭಾಗಿಸಿ ನೋಡೋಣ ಅನ್ನಿಸಿತು. ಆರಂಕಿಗೆ ಒಂದು ಹಳೇ ಉಪಾಯ ಇದೆ. ಮೊದಲ ಮೂರಂಕಿಯಲ್ಲಿ ಕೊನೆಯ ಮೂರಂಕಿ ಕಳೆಯಬೇಕು. 563ರಲ್ಲಿ 101 ಹೋದರೆ 462. ಇದು 7ರಿಂದಲೂ ಹೋಗುತ್ತದೆ, 11ರಿಂದಲೂ ಹೋಗುತ್ತದೆ, 13ರಿಂದ ಹೋಗುವುದಿಲ್ಲ. 462ಕ್ಕೆ ಏನು ಗತಿಯೋ 563101ಕ್ಕೂ ಅದೇ ಗತಿ, ಯಾಕೆಂದರೆ 7, 11, 13 ಮೂರನ್ನೂ ಗುಣಿಸಿದರೆ 1001, ಮತ್ತು ನಮ್ಮ 563101 ಅನ್ನೋದು 563 ಸಲ 1001, ಅದರಲ್ಲಿ 462 ಕಡಿಮೆ, ಅಷ್ಟೇ. 1001ರ ಪಾಲು ಹೇಗೂ ಶೇಷವಿಲ್ಲದೆ ಹೋಗುತ್ತದೆ. ತಕರಾರು ಏನಿದ್ದರೂ 462ರದ್ದು.

7, 11 ತೆಗೆದ ಮೇಲೆ ಉಳಿದದ್ದು 7313. ಇದು ಚೆನ್ನಾಗಿ ಸತಾಯಿಸಿತು. 17, 19, 23... ಸಾಲು ಒಂದೊಂದು ಹೆಜ್ಜೆ ಜರುಗಿದ ಹಾಗೆ ನಾನೂ ಒಂದೊಂದು ಅವಿಭಾಜ್ಯ ಸಂಖ್ಯೆ ಜರುಗಿದೆ. 71ಕ್ಕೆ ಬಂದಾಗ ಸಿಕ್ಕಿತು. ಅಲ್ಲಿಗೆ ಕೋಲಾರ ಅಂದರೆ 7 × 11 × 71 × 103. ಯಾರೂ ಯೋಚಿಸಿ ಇಟ್ಟದ್ದಲ್ಲ, ಆದರೂ ಮನೆಯ ಹಳೇ ಪೆಟ್ಟಿಗೆಯಲ್ಲಿ ನಾಲ್ಕು ಬೆಳ್ಳಿ ನಾಣ್ಯ ಸಿಕ್ಕಷ್ಟು ಖುಷಿಯಾಯಿತು. ತುಮಕೂರು 17 × 73 × 461. ಅಷ್ಟರಲ್ಲಿ ನನ್ನ ಸರದಿ ಬಂತು.

ಚಿಕ್ಕಬಳ್ಳಾಪುರ ಮಾತ್ರ ಹಟಮಾರಿ. ಅಂಕಿಗಳನ್ನು ಕೂಡಿದರೆ 15, ಹಾಗಾಗಿ 3ರಿಂದ ಹೋಗುತ್ತದೆ. ಉಳಿದ 187367 ಇದೆಯಲ್ಲ, ರಾತ್ರಿ ಊಟ ಮುಗಿಸಿ ಕ್ಯಾಲ್ಕುಲೇಟರ್ ಹಿಡಿದು 431ರವರೆಗಿನ ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿದೆ, ಒಂದರಿಂದಲೂ ಹೋಗಲಿಲ್ಲ. 433ರ ವರ್ಗವೇ ಇದಕ್ಕಿಂತ ಜಾಸ್ತಿ, ಹಾಗಾಗಿ ಮುಂದೆ ನೋಡುವ ಅಗತ್ಯವೂ ಇಲ್ಲ. ಅಷ್ಟು ದೊಡ್ಡದು ಪೂರ್ತಿ ಅವಿಭಾಜ್ಯ! ಇನ್ನೊಂದು ತಮಾಷೆ ನೋಡಿ, 562ರಲ್ಲಿ 101 ಕಳೆದರೆ 461. ತುಮಕೂರಿನ ಹೊಟ್ಟೆಯಲ್ಲಿದ್ದ ಅದೇ 461. ಇದರಲ್ಲಿ ಗುಟ್ಟೇನೂ ಇಲ್ಲ, ಬರೀ ಕಾಕತಾಳೀಯ. ಗೊತ್ತಿದ್ದೂ ಮಲಗಿದವನು ಎದ್ದು ಕೂತೆ.

ಮೂರನೇ ದಿನ ಅಕ್ಕನ ಫೋನು.

“ಪಹಣಿ ಬಂತು ಕಣೋ. ಕವರ್ ಹಿಂದೆಲ್ಲಾ ಭಾಗ ಮಾಡಿಟ್ಟಿದ್ದೀಯಲ್ಲ, ಅದರಲ್ಲಿ ನನಗೆ ಬರೋದೆಷ್ಟು?”